ಬಾಸೆಲ್‌ನಲ್ಲಿ ಎಂಟು ನಿಮಿಷ

ರೈಲು ಹೊರಡುವುದಕ್ಕೆ ಒಂದು ಗಂಟೆ ಮುಂಚಿತವಾಗಿಯೇ ಸ್ಟೇಷನ್ನಿಗೆ ಹೋಗಿ, ಹೋಲ್ಡಾಲಿನ ಮೇಲೆ ಕುಳಿತು, ಗಳಿಗೆಗೊಮ್ಮೆ ಗಡಿಯಾರ ನೋಡುವವರನ್ನು ಕಂಡರೆ ಲೋಕಕ್ಕೆ ಒಂದು ಬಗೆಯ ತಾತ್ಸಾರ. ನಾನು ಆ ಪಂಗಡಕ್ಕೆ ಸೇರಿದವನು. ಈಗ ಹೋಲ್ಡಾಲ್ ಹೋಗಿ ಚಕ್ರದ ಪೆಟ್ಟಿಗೆ ಬಂದಿದೆ; ಕೂರುವ ಭಂಗಿ ಮಾತ್ರ ಬದಲಾಗಿಲ್ಲ. ಮನೆಯವರು ನಗುತ್ತಾರೆ. ಕಾಲೇಜಿನಲ್ಲಿ ಹೇಗೋ ಗೊತ್ತಾಗಿ ವಿದ್ಯಾರ್ಥಿಗಳೂ ನಗುತ್ತಾರೆ. ಇಂಥವನ ಕೈಗೆ, ಒಂದು ಗಾಡಿ ಇಳಿದು ಇನ್ನೊಂದನ್ನು ಹತ್ತಲು ಎಂಟೇ ನಿಮಿಷ ಕೊಟ್ಟಿರುವ ಟಿಕೆಟ್ಟೊಂದು ಬಂತು. ಅದೂ ಎಲ್ಲಿ? ಎರಡು ದೇಶಗಳ ಗಡಿಯಲ್ಲಿ. ಅದೂ ಎಪ್ಪತ್ತೆರಡು ವರ್ಷದ ತಾಯಿಯನ್ನು ಜೊತೆಯಲ್ಲಿಟ್ಟುಕೊಂಡು.

2023ರ ಜೂನ್ ತಿಂಗಳು. ಸ್ವಿಟ್ಜರ್ಲೆಂಡಿನ ಬೆರ್ನ್ ನಗರದಲ್ಲಿರುವ ನನ್ನ ತಂಗಿಗೆ, ಮದುವೆಯಾಗಿ ಒಂಬತ್ತು ವರ್ಷಗಳ ಮೇಲೆ, ಚೊಚ್ಚಲ ಹೆರಿಗೆಯ ದಿನಗಳು ಹತ್ತಿರವಾಗಿದ್ದವು. ಬಾಣಂತನಕ್ಕೆ ಅಮ್ಮ ಹೋಗಲೇಬೇಕು. ಅವಳನ್ನು ಒಬ್ಬಳನ್ನೇ ಕಳಿಸುವ ಧೈರ್ಯ ಯಾರಿಗೂ ಇಲ್ಲ. ಉತ್ತರಪತ್ರಿಕೆಗಳ ರಾಶಿಯನ್ನು ಹೇಗೋ ಕರಗಿಸಿ, ರಜೆ ಹಾಕಿ, ನಾನೇ ಹೊರಟೆ. ಅಮ್ಮನ ಪೆಟ್ಟಿಗೆಯಲ್ಲಿ ಒಣಶುಂಠಿ, ಹಿಪ್ಪಲಿ, ಓಮ, ಮೆಂತ್ಯ, ಮಗುವನ್ನು ಸುತ್ತುವುದಕ್ಕೆ ಅಪ್ಪನ ಹಳೆಯ ಮೆದು ಪಂಚೆಗಳು. ಒಂದು ಡಬ್ಬಿ ತುಪ್ಪವನ್ನೂ ಇಟ್ಟಿದ್ದಳು. ಹಾಲಿನಿಂದಾದ ಪದಾರ್ಥಗಳನ್ನು ನಮ್ಮಂಥ ಹೊರಗಿನವರು ಯೂರೋಪಿನ ಒಕ್ಕೂಟದೊಳಕ್ಕೆ ತರುವಂತಿಲ್ಲವೆಂದು ನಾನು ತೆಗೆಸಿದೆ. "ತುಪ್ಪ ಇಲ್ಲದೆ ಅದೆಂಥ ಬಾಣಂತನವೋ!" ಎಂದು ವಿಮಾನ ನಿಲ್ದಾಣದವರೆಗೂ ಗೊಣಗಿದಳು.

ಬೆಂಗಳೂರಿನಿಂದ ಜರ್ಮನಿಯ ಫ್ರಾಂಕ್‌ಫರ್ಟಿಗೆ ನೇರ ವಿಮಾನ, ಅಲ್ಲಿಂದ ರೈಲು. ರೈನ್ ನದಿಯ ಬಯಲಿನಲ್ಲಿ ದಕ್ಷಿಣಕ್ಕೆ ಸುಮಾರು ಮೂರು ಗಂಟೆ ಸಾಗಿದರೆ ಸ್ವಿಸ್ ಗಡಿಯ ಬಾಸೆಲ್. ಅಲ್ಲಿ ಗಾಡಿ ಬದಲಾಯಿಸಿ ಇನ್ನೊಂದು ಗಂಟೆ ಹೋದರೆ ಬೆರ್ನ್. ಟಿಕೆಟ್ಟನ್ನು ತಂಗಿಯ ಗಂಡನೇ ಕೊಂಡು ಫೋನಿಗೆ ಕಳಿಸಿದ್ದ. "ಎಂಟು ನಿಮಿಷ ಸಾಕೇನಪ್ಪ?" ಎಂದು ಕೇಳಿದೆ. "ಇಲ್ಲಿ ಎಂಟು ನಿಮಿಷ ಅಂದರೆ ಧಾರಾಳ, ಭಾವ. ನಾಲ್ಕು ನಿಮಿಷದಲ್ಲಿ ಬದಲಾಯಿಸುವವರೂ ಇದ್ದಾರೆ" ಎಂದ. ಎಂಜಿನಿಯರ್ ಹುಡುಗ. ಲೆಕ್ಕ ಸರಿಯಾಗಿಯೇ ಹಾಕಿದ್ದ. ಅಮ್ಮನ ಮೊಣಕಾಲುಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ.

ನನ್ನ ಈ ಭಯಕ್ಕೆ ಒಂದು ಪೂರ್ವಕಥೆಯುಂಟು. 1987ನೆಯ ಇಸವಿ, ನನಗೆ ಎಂಟು ವರ್ಷ. ಅಮ್ಮನ ತವರು ಆಗ ಮದರಾಸಿನಲ್ಲಿತ್ತು. ಅಜ್ಜ ಅಲ್ಲಿ ನೌಕರಿ ಮಾಡಿ ನಿವೃತ್ತರಾಗಿ ಅಲ್ಲೇ ನಿಂತಿದ್ದರು. ಅಜ್ಜನಿಗೆ ಜೋರಾಗಿದೆ, ಕೂಡಲೇ ಹೊರಟು ಬನ್ನಿ ಎಂದು ಒಂದು ದಿನ ತಂತಿ ಬಂತು. ಅರಸೀಕೆರೆಯಿಂದ ಬೆಂಗಳೂರಿಗೆ ಆಗ ಮೀಟರ್ ಗೇಜ್. ಬೆಂಗಳೂರಿನಿಂದ ಮದರಾಸಿಗೆ ಬ್ರಾಡ್ ಗೇಜ್. ಹಳಿಯ ಅಗಲವೇ ಬೇರೆಯಾದ ಮೇಲೆ ಗಾಡಿ ಬದಲಾಯಿಸದೆ ಗತಿಯಿಲ್ಲ. ನಾವು ಬೆಂಗಳೂರು ಸೇರಿದಾಗ ರಾತ್ರಿಯ ಮದರಾಸು ಮೇಲ್ ಹೊರಡಲು ಹತ್ತು ನಿಮಿಷವಿತ್ತು. ಅಪ್ಪ ಟ್ರಂಕನ್ನು ಹೆಗಲ ಮೇಲಿಟ್ಟುಕೊಂಡು ಓಡಿದರು. ಅಮ್ಮ ನನ್ನ ಕೈ ಹಿಡಿದು ಹಿಂದೆ ಓಡಿದಳು. ತಂಗಿ ಅವಳ ಸೊಂಟದ ಮೇಲೆ. ಮೆಟ್ಟಿಲಿನಲ್ಲಿ ನನ್ನ ಒಂದು ಚಪ್ಪಲಿ ಕಳಚಿತು. ಹೊಸ ಚಪ್ಪಲಿ. ಅಮ್ಮನ ಕೈ ಬಿಡಿಸಿಕೊಂಡು, ಜನರ ಕಾಲುಗಳ ನಡುವೆ ನುಗ್ಗಿ, ಅದಕ್ಕಾಗಿ ಹಿಂದಕ್ಕೆ ಓಡಿದೆ. ಚಪ್ಪಲಿ ಸಿಕ್ಕಿತು. ಮೇಲ್ ಸಿಗಲಿಲ್ಲ.

ಆ ರಾತ್ರಿ ವೇಟಿಂಗ್ ರೂಮಿನಲ್ಲಿ ಕಳೆದು, ಬೆಳಗಿನ ಗಾಡಿ ಹಿಡಿದು, ಮರುದಿನ ಮಧ್ಯಾಹ್ನ ಮದರಾಸು ಸೇರಿದೆವು. ಅಜ್ಜನನ್ನು ಹಜಾರದಲ್ಲಿ ಮಲಗಿಸಿ ನಮಗಾಗಿ ಕಾದಿದ್ದರು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಅಂದಿಗೇ ಮುಗಿದುಹೋಗುತ್ತಿತ್ತೋ ಏನೋ. ಬೈಯದೆ ಬಿಟ್ಟದ್ದರಿಂದ ಅದು ನನ್ನ ಜೊತೆಯಲ್ಲೇ ಬೆಳೆಯಿತು. ಅಂದಿನಿಂದ ಗಾಡಿ ಬದಲಾಯಿಸುವುದೆಂದರೆ ನನಗೆ, ಯಾರದೋ ಪ್ರಾಣ ನನ್ನ ಕಾಲಿನ ವೇಗದ ಮೇಲೆ ನಿಂತಿರುವ ಹಾಗೆ.

ವಿಮಾನ ಇಳಿದು ಫೋನ್ ತೆರೆದರೆ ತಂಗಿಯ ಗಂಡನ ಸಂದೇಶ ಕಾದಿತ್ತು. ವೈದ್ಯರು ಹೇಳಿದ ದಿನಕ್ಕೆ ಹತ್ತು ದಿನ ಮೊದಲೇ ನೋವು ಕಾಣಿಸಿಕೊಂಡಿದೆ, ಆಸ್ಪತ್ರೆಗೆ ಹೊರಟಿದ್ದೇವೆ. ಅಮ್ಮನಿಗೆ ಓದಿ ಹೇಳಿದೆ. ಅವಳು ಒಂದು ಕ್ಷಣ ಕಣ್ಣು ಮುಚ್ಚಿಕೊಂಡು, ತೆರೆದು, "ಗಾಡಿ ಎಷ್ಟು ಹೊತ್ತಿಗೋ?" ಎಂದು ಕೇಳಿ ಕೈಗಡಿಯಾರ ನೋಡಿಕೊಂಡಳು. ಅದರಲ್ಲಿ ಊರಿನ ಕಾಲವೇ ಇತ್ತು. ಮೂರೂವರೆ ಗಂಟೆ ಮುಂದೆ. ಸರಿಮಾಡಿ ಕೊಡುತ್ತೇನೆಂದರೆ ಒಪ್ಪಲಿಲ್ಲ. "ಬೇಡ. ಮನೆಯಲ್ಲಿ ಈಗ ಎಷ್ಟು ಗಂಟೆ ಅಂತ ನನಗೆ ಗೊತ್ತಿರಬೇಕು."

ಕಾಲದ ವಿಷಯದಲ್ಲಿ ಅಮ್ಮನದೇನೂ ವಿಪರೀತದ ಹಟವಲ್ಲ. ನಾವು ಹೊರಟಿದ್ದ ಗಡಿಯಲ್ಲೇ ಇಂಥ ಹಟ ಬಹಳ ಕಾಲ ನಡೆದಿತ್ತು. ಜರ್ಮನಿ ಇಡೀ ದೇಶಕ್ಕೆ ಮಧ್ಯ ಯೂರೋಪಿನ ಕಾಲವನ್ನು ಒಪ್ಪಿಕೊಂಡದ್ದು 1893ರ ಏಪ್ರಿಲ್ 1ರಂದು; ಸ್ವಿಟ್ಜರ್ಲೆಂಡ್ 1894ರ ಜೂನ್ 1ರವರೆಗೆ ತನ್ನ ಬೆರ್ನ್ ಕಾಲವನ್ನು ಬಿಡಲಿಲ್ಲ. ಎರಡಕ್ಕೂ ಸುಮಾರು ಅರ್ಧ ಗಂಟೆ ವ್ಯತ್ಯಾಸ. ಗಡಿ ದಾಟಿದವನು ಅರ್ಧ ಗಂಟೆಯನ್ನು ಗಳಿಸಬೇಕು ಇಲ್ಲವೆ ಕಳೆದುಕೊಳ್ಳಬೇಕು. ಇದು ಹಳೆಯ ಮಾತಾಯಿತೆನ್ನೋಣ. 1980ರಲ್ಲಿ ಜರ್ಮನಿ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿತು. ಸ್ವಿಸ್ ಜನ 1978ರಲ್ಲೇ ಮತ ಹಾಕಿ ಆ ಪದ್ಧತಿ ತಮಗೆ ಬೇಡವೆಂದಿದ್ದರು. ಸುತ್ತಲ ದೇಶಗಳೆಲ್ಲ ಒಂದು ಗಂಟೆ ಮುಂದೆ, ನಡುವೆ ಈ ಪುಟ್ಟ ದೇಶ ಮಾತ್ರ ತನ್ನ ಕಾಲದಲ್ಲಿ ದ್ವೀಪದಂತೆ. ಆ ಬೇಸಿಗೆಯಲ್ಲಿ ಗಡಿಯ ಗಾಡಿಗಳ ವೇಳಾಪಟ್ಟಿ ಬರೆದ ಗುಮಾಸ್ತರ ಪಾಡನ್ನು ನೆನೆದರೆ ಅಯ್ಯೋ ಎನಿಸುತ್ತದೆ. ಮರುವರ್ಷ, 1981ರಲ್ಲಿ, ಸ್ವಿಸ್ಸರೂ ಸೋತು ಒಪ್ಪಿದರು. ಅಮ್ಮ ಇನ್ನೂ ಒಪ್ಪಿಲ್ಲ.

ಗಾಡಿ ಹೊರಟಿತು. ಬೆಳ್ಳಗೆ ಉದ್ದಕ್ಕೆ ಸರ್ಪದಂತಿದ್ದ ಗಾಡಿ. ಮನ್‌ಹೈಮ್, ಕಾರ್ಲ್ಸ್‌ರೂಹೆ ದಾಟಿದೆವು. ಕಿಟಕಿಯ ಒಂದು ಪಕ್ಕಕ್ಕೆ ಕಪ್ಪುಕಾಡಿನ ಬೆಟ್ಟಗಳು ನಮ್ಮ ಜೊತೆಯಲ್ಲೇ ಬರುತ್ತಿದ್ದವು. ಅಮ್ಮ ಚಪಾತಿಯ ಗಂಟು ಬಿಚ್ಚಿ ನನಗೆರಡು ಕೊಟ್ಟು ತಾನೊಂದು ತಿಂದಳು. ನನಗೆ ಗಂಟಲಲ್ಲಿ ಇಳಿಯಲಿಲ್ಲ. ನನ್ನ ಕಣ್ಣೆಲ್ಲ ಫೋನಿನ ಮೇಲೆ. ಈ ಒಂದೇ ದಾರಿಯನ್ನು ನೆಚ್ಚಿಕೊಂಡು ಉತ್ತರ ದಕ್ಷಿಣದ ಗಾಡಿಗಳೆಲ್ಲ ಓಡುತ್ತವೆಯೆಂದು ಹೊರಡುವ ಮುನ್ನ ಓದಿದ್ದು ಬೇರೆ ನೆನಪಿಗೆ ಬಂತು. 2017ರ ಆಗಸ್ಟ್ 12ರಂದು ಇಲ್ಲೇ ರಾಸ್ಟಟ್ ಎಂಬ ಊರಿನಲ್ಲಿ ಹೊಸ ಸುರಂಗ ತೋಡುವಾಗ ಮೇಲಿನ ಹಳಿ ಕುಸಿಯಿತು. ಅಕ್ಟೋಬರ್ 2ರವರೆಗೆ ಗಾಡಿಗಳಿಲ್ಲ, ಜನರನ್ನು ಬಸ್ಸಿನಲ್ಲಿ ಹತ್ತಿಸಿ ಆಚೆಗೆ ಬಿಡುತ್ತಿದ್ದರಂತೆ. ಇಂಥ ಸಂಗತಿಗಳನ್ನು ಪ್ರಯಾಣಕ್ಕೆ ಮುಂಚೆ ಓದಬಾರದು.

ಫ್ರೈಬುರ್ಗ್ ದಾಟಿದ ಮೇಲೆ ಮಳೆ ಹಿಡಿಯಿತು, ಗಾಳಿ ಎದ್ದಿತು. ಹಳಿಯ ಪಕ್ಕದಲ್ಲಿ ಮರದ ಕೊಂಬೆ ಬಿದ್ದಿದೆಯೆಂದು ಪ್ರಕಟಿಸಿದರು. ಗಾಡಿ ಆಮೆಯಂತೆ ತೆವಳಿತು. ಐದು ನಿಮಿಷ ಹೋಯಿತು. ಎಂಟರಲ್ಲಿ ಐದು ಕಳೆದರೆ ಮೂರು. ಮಳೆಗೂ ಗಾಳಿಗೂ ಯಾರನ್ನು ದೂರುವುದು? ನಾನು ಎದ್ದು ಎರಡು ಪೆಟ್ಟಿಗೆಗಳನ್ನೂ ಕೆಳಗಿಳಿಸಿ, ಬಾಗಿಲ ಬಳಿಗೆ ಸಾಗಿಸಿ, ಅಮ್ಮನನ್ನೂ ಎಬ್ಬಿಸಿಕೊಂಡು ಬಂದು ನಿಲ್ಲಿಸಿದೆ.

"ಯಾಕೋ ಇಷ್ಟು ಅವಸರ? ಎಲ್ಲರೂ ಕೂತೇ ಇದ್ದಾರಲ್ಲೋ" ಎಂದಳು ಅಮ್ಮ.

"ಅವರಿಗೇನು, ಇಲ್ಲಿಯವರು. ನೀನು ಕಂಬಿ ಹಿಡಿದುಕೊ" ಎಂದೆ.

ಗಾಡಿ ನಿಂತಿತು. ಮಳೆಯ ನೀರು ಇಳಿಯುತ್ತಿದ್ದ ಗಾಜಿನಾಚೆ ಫಲಕದ ಮೇಲೆ 'ಬಾಸೆಲ್' ಎಂದು ಕಾಣಿಸಿತು. ಕನ್ನಡ ಮೇಷ್ಟರಿಗೆ ಆ ಹೆಸರು ಕಂಡರೆ ಎದೆ ಹಾರದೆ ಇದ್ದೀತೆ? ನಮ್ಮ ಅಜ್ಜನ ಮನೆಯ ಹೆಂಚಿನಿಂದ ಹಿಡಿದು ನನ್ನ ಮೇಜಿನ ಮೇಲಿನ ನಿಘಂಟಿನವರೆಗೆ ಆ ಹೆಸರಿನ ಋಣವಿದೆ. ಇದೇ ಬಾಸೆಲ್‌ನ ಮಿಷನ್ನಿನವರು ಕಳಿಸಿದ್ದರಿಂದ ಕಿಟ್ಟೆಲರು 1853ರಲ್ಲಿ ನಮ್ಮ ನಾಡಿಗೆ ಬಂದದ್ದು. ಅವರ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ, ಸ್ವಿಸ್ ಗಡಿಯಾರಗಳು ಅರ್ಧ ಗಂಟೆ ಮುಂದೆ ಸರಿದ ಅದೇ ವರ್ಷ. ಇಷ್ಟನ್ನೆಲ್ಲ ಆ ಕ್ಷಣದಲ್ಲಿ ನೆನೆದೆನೆಂದು ಹೇಳಿದರೆ ಸುಳ್ಳಾದೀತು. ಹೆಸರನ್ನು ಕಂಡೆ, ಗುಂಡಿ ಒತ್ತಿದೆ, ಬಾಗಿಲು ತೆರೆಯಿತು, ಒಂದು ಪೆಟ್ಟಿಗೆ ಎಸೆದೆ, ಎರಡನೆಯದನ್ನು ಎಸೆದೆ, ಅಮ್ಮನ ಕೈ ಹಿಡಿದು ಇಳಿಸಿದೆ. ಬೆರ್ನ್ ಗಾಡಿಯ ಪ್ಲಾಟ್‌ಫಾರಂ ಹುಡುಕುತ್ತ ಆ ಕಡೆ ಈ ಕಡೆ ನೋಡುತ್ತಿರುವಾಗ ನಮ್ಮ ಬೆನ್ನ ಹಿಂದೆ ಬಾಗಿಲು ಮುಚ್ಚಿಕೊಂಡಿತು. ಗಾಡಿ ಸದ್ದಿಲ್ಲದೆ ಮುಂದಕ್ಕೆ ಹೋಯಿತು. ಅದರಲ್ಲಿ ಕೂತಿದ್ದ ಎಲ್ಲರೂ ಅದರಲ್ಲೇ ಇದ್ದರು.

ಆಗ ಫಲಕವನ್ನು ಪೂರ್ತಿ ಓದಿದೆ. 'ಬಾಸೆಲ್ ಬಾಡ್' ಎಂದಿತ್ತು.

ಬಾಸೆಲ್‌ಗೆ ಒಂದು ಸ್ಟೇಷನ್ ಅಲ್ಲ. ನೆರೆಹೊರೆಯ ಎರಡು ದೇಶಗಳೂ ತಮ್ಮ ತಮ್ಮ ಹಳಿಯನ್ನು ಈ ಊರಿಗೆ ತಂದು ಮುಟ್ಟಿಸಿದವು. ಮೊದಲು ಬಂದದ್ದು 1844ರಲ್ಲಿ, ಫ್ರಾನ್ಸಿನ ಕಡೆಯಿಂದ. ಆಗ ಊರಿಗೆ ಇನ್ನೂ ಕೋಟೆಗೋಡೆಯಿತ್ತು. ಮರುವರ್ಷ ಹಳಿಯನ್ನು ಗೋಡೆಯೊಳಕ್ಕೆ ತಂದಾಗ ರೈಲಿಗೆಂದೇ ಕೋಟೆಗೆ ಒಂದು ಬಾಗಿಲು ಮಾಡಿ, ರಾತ್ರಿಯಾದರೆ ಅದನ್ನು ಮುಚ್ಚುತ್ತಿದ್ದರು. ರೈಲಿಗೂ ಊರಬಾಗಿಲು! ಆಮೇಲೆ 1855ರಲ್ಲಿ ಉತ್ತರದಿಂದ ಬಾಡೆನ್ ಸಂಸ್ಥಾನದ ರೈಲು ಬಂತು. ಅದರ ಸ್ಟೇಷನ್ ರೈನ್ ನದಿಯ ಈಚೆ ದಡದಲ್ಲಿ. ಈಗಿರುವ ಕಟ್ಟಡ 1913ರದು. ಸ್ವಿಸ್ ರೈಲ್ವೆಯ ದೊಡ್ಡ ಸ್ಟೇಷನ್ ಇರುವುದು ನದಿಯ ಆಚೆಗೆ; ಅದರ ಒಂದು ಮೂಲೆಯಲ್ಲಿ ಫ್ರಾನ್ಸಿನ ಗಾಡಿಗಳಿಗೆ ಪ್ರತ್ಯೇಕ ಭಾಗವುಂಟು. ನಾನು ಇಳಿದದ್ದು ಬಾಡೆನ್ನರ ಸ್ಟೇಷನ್ನಿನಲ್ಲಿ. 'ಬಾಡ್' ಎಂಬುದು ಅದರ ಮೊಟಕು. ನೆಲ ಸ್ವಿಸ್ಸರದು, ಸ್ಟೇಷನ್ನು ನಡೆಸುವುದು ಜರ್ಮನ್ ರೈಲ್ವೆ. ಸ್ಟೇಷನ್ನಿನಿಂದ ಊರೊಳಕ್ಕೆ ಹೋಗುವ ದಾರಿಯಲ್ಲಿ ಸುಂಕದ ಕಟ್ಟೆ ಇದೆ. 2008ರ ಡಿಸೆಂಬರಿನಲ್ಲಿ ಸ್ವಿಟ್ಜರ್ಲೆಂಡ್ ಷೆಂಗೆನ್ ಒಪ್ಪಂದಕ್ಕೆ ಸೇರಿದ ಮೇಲೆ ನೆಲದ ಗಡಿಯಲ್ಲಿ ಪಾಸ್‌ಪೋರ್ಟಿನ ಕಟ್ಟುಪಾಡು ಹೋಯಿತು. ಆದರೆ ಒಕ್ಕೂಟದ ಸುಂಕದ ವ್ಯವಸ್ಥೆಗೆ ಅದು ಸೇರಿಲ್ಲವಾಗಿ ಸಾಮಾನಿನ ಮೇಲಿನ ಕಣ್ಣು ಹೋಗಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬುದು ನಮ್ಮ ಹಿರಿಯರಿಗೇ ಗೊತ್ತಿತ್ತು. ನಾವು ಹೊರಗೆ ಹೋಗಲೂ ಇಲ್ಲ. ಅತ್ತ ಜರ್ಮನಿಯೂ ಅಲ್ಲದ ಇತ್ತ ಸ್ವಿಟ್ಜರ್ಲೆಂಡೂ ಅಲ್ಲದ ಆ ಪ್ಲಾಟ್‌ಫಾರಮ್ಮಿನ ಮೇಲೆ ತ್ರಿಶಂಕುಗಳಾಗಿ ನಿಂತೆವು.

ಬೆನ್ನಿಗೆ ಚೀಲ ಹಾಕಿಕೊಂಡಿದ್ದ ಒಬ್ಬ ವಿದ್ಯಾರ್ಥಿನಿಯನ್ನು ಕೇಳಿದೆ. ಅವಳು ನಮ್ಮ ಟಿಕೆಟ್ಟನ್ನೂ ಮುಖವನ್ನೂ ನೋಡಿ ನಗು ತಡೆದುಕೊಂಡು ಹೇಳಿದಳು: ಇಪ್ಪತ್ತು ನಿಮಿಷಕ್ಕೆ ಇಲ್ಲಿಂದಲೇ ಒಂದು ಸ್ಥಳೀಯ ಗಾಡಿ ನದಿ ದಾಟಿ ದೊಡ್ಡ ಸ್ಟೇಷನ್ನಿಗೆ ಹೋಗುತ್ತದೆ, ಆರು ನಿಮಿಷದ ದಾರಿ. ಅಷ್ಟು ಹೊತ್ತಿಗೆ ನಮ್ಮ ಬೆರ್ನ್ ಗಾಡಿ ಹೋಗಿರುತ್ತದೆಂದು ಲೆಕ್ಕ ಹಾಕಲು ಗಣಿತ ಬೇಕಿರಲಿಲ್ಲ.

ಅಮ್ಮ ಬೆಂಚಿನ ಮೇಲೆ ಕೂತಿದ್ದಳು. ನಾನು ಕೂರಲಾರದೆ ಅವಳ ಮುಂದೆ ಶತಪಥ ಹಾಕಿದೆ. ತಂಗಿ ಆಸ್ಪತ್ರೆಯಲ್ಲಿ ಒದ್ದಾಡುತ್ತಿದ್ದಾಳೆ. ಒಂಬತ್ತು ವರ್ಷ ಕಾದ ಹೆರಿಗೆ. ಅಮ್ಮನನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸುವುದೊಂದೇ ನನಗೆ ಒಪ್ಪಿಸಿದ ಕೆಲಸ. ಅದನ್ನೂ ಕೆಡಿಸಿದೆ. ತಡೆಯಲಾರದೆ ಬಾಯಿಂದ ಬಂದೇಬಿಟ್ಟಿತು: "ಅವತ್ತೂ ನನ್ನಿಂದಲೇ ತಪ್ಪಿಹೋಯಿತು, ಇವತ್ತೂ ನನ್ನಿಂದಲೇ."

"ಯಾವತ್ತೋ?" ಎಂದಳು ಅಮ್ಮ. ನಿಜವಾಗಿಯೂ ಅವಳಿಗೆ ನೆನಪಿರಲಿಲ್ಲ. ನಾನು ಬೆಂಗಳೂರು, ಮದರಾಸು ಮೇಲ್, ಚಪ್ಪಲಿ ಎಂದು ಹೇಳಿದೆ. ಹೇಳುವಾಗ ನಲವತ್ತನಾಲ್ಕು ವರ್ಷದ ಮೇಷ್ಟರ ಗಂಟಲು ಎಂಟು ವರ್ಷದ ಹುಡುಗನದಾಗಿತ್ತು.

ಅಮ್ಮ ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. "ಅಯ್ಯೋ ಪೆದ್ದೇ, ಇದನ್ನ ಇಷ್ಟು ವರ್ಷ ಇಟ್ಟುಕೊಂಡಿದ್ದೆಯಾ? ತಂತಿ ಕೊಡೋ ಹೊತ್ತಿಗೇ ಅಪ್ಪ ಹೋಗಿದ್ದರು ಕಣೋ. ಹೋದರು ಅಂತ ತಂತೀಲಿ ಯಾರು ಬರೀತಿದ್ದರು? ಜೋರಾಗಿದೆ, ಕೂಡಲೇ ಹೊರಡಿ ಅಂತ ಬಂದರೆ ಏನರ್ಥ ಅಂತ ಆ ಕಾಲದಲ್ಲಿ ಎಲ್ಲರಿಗೂ ಗೊತ್ತಿತ್ತು. ನಾನು ಅರಸೀಕೆರೆಯಲ್ಲೇ ಅತ್ತು ಮುಗಿಸಿದ್ದೆ. ಕಾಯೋರು ಹೇಗಿದ್ದರೂ ಕಾಯ್ತಾರೆ ಅಂತ ಗೊತ್ತಿತ್ತು."

"ಮತ್ತೆ ಅಪ್ಪ ಯಾಕೆ ಹಾಗೆ ಓಡಿದರು?"

"ನಿಮ್ಮಪ್ಪ ಯಾವಾಗ ಓಡಲಿಲ್ಲ?" ಎಂದು ಅಮ್ಮ ಸೆರಗಿನಿಂದ ನನ್ನ ತಲೆಯ ಮೇಲಿನ ಮಳೆಹನಿ ಒರೆಸಿದಳು. "ಕೂತ್ಕೋ. ಚಪಾತಿ ಇನ್ನೊಂದಿದೆ."

ಕೂತೆ. ತಿಂದೆ. ಇಳಿಯಿತು.

ಸ್ಥಳೀಯ ಗಾಡಿ ಬಂತು. ರೈನ್ ನದಿಯನ್ನು ದಾಟಿಸಿ ದೊಡ್ಡ ಸ್ಟೇಷನ್ನಿಗೆ ತಂದು ಬಿಟ್ಟಿತು. ಬೆರ್ನ್‌ಗೆ ಇನ್ನೊಂದು ಗಾಡಿ ಆರು ನಿಮಿಷದಲ್ಲಿ ಹೊರಡುವುದಿತ್ತು. ಲಿಫ್ಟಿನಲ್ಲಿ ಹತ್ತಿ, ಹಳಿಗಳ ಮೇಲೆ ಹಾದ ಅಗಲವಾದ ಸೇತುವೆಯ ಮೇಲೆ ನಡೆದು, ಮತ್ತೆ ಲಿಫ್ಟಿನಲ್ಲಿ ಇಳಿದೆವು. ಅಮ್ಮ ತನ್ನ ನಡಿಗೆಯಲ್ಲೇ ನಡೆದಳು. ಆದರೂ ಎರಡು ನಿಮಿಷ ಉಳಿಯಿತು. ಅಷ್ಟರಲ್ಲಿ ಅಲ್ಲಿಯ ಗಡಿಯಾರವನ್ನು ನೋಡಿದೆ. 1944ರಲ್ಲಿ ಹಾನ್ಸ್ ಹಿಲ್ಫಿಕರ್ ಎಂಬ ಎಂಜಿನಿಯರ್ ರೂಪಿಸಿದ್ದು. ಬಿಳಿಯ ಮುಖ, ಕಪ್ಪು ಮುಳ್ಳುಗಳು. ಆಮೇಲೆ ಸೇರಿದ ಸೆಕೆಂಡಿನ ಮುಳ್ಳಿಗೆ ಕೆಂಪು ಬಣ್ಣ, ತುದಿಯಲ್ಲಿ ಗಾರ್ಡಿನ ಕೈಯ ಬಿಲ್ಲೆಯಂಥ ಕೆಂಪು ಗುಂಡು. ಆ ಮುಳ್ಳು ಐವತ್ತೆಂಟೂವರೆ ಸೆಕೆಂಡಿನಲ್ಲೇ ಸುತ್ತನ್ನು ಮುಗಿಸಿ, ಮೇಲೆ ಹೋಗಿ ಒಂದೂವರೆ ಸೆಕೆಂಡ್ ಸುಮ್ಮನೆ ನಿಲ್ಲುತ್ತದೆ. ನಿಮಿಷದ ಮುಳ್ಳು ನೆಗೆದ ಮೇಲೆಯೇ ಮತ್ತೆ ಹೊರಡುತ್ತದೆ. "ನೋಡು, ಗಡಿಯಾರವೂ ಉಸಿರು ತೊಗೊಳ್ಳುತ್ತೆ" ಎಂದಳು ಅಮ್ಮ.

ಬೆರ್ನ್ ಗಾಡಿಯಲ್ಲಿ ಟಿಕೆಟ್ ನೋಡುವವನು ಬಂದ. ನನ್ನ ಫೋನನ್ನು ನೋಡಿದ, ಅಮ್ಮನ ಸೀರೆ ಶಾಲುಗಳನ್ನು ನೋಡಿದ, ವಂದನೆ ಹೇಳಿ ಮುಂದಕ್ಕೆ ಹೋದ. ನಾನು ಸಿದ್ಧಮಾಡಿಟ್ಟುಕೊಂಡಿದ್ದ ಇಂಗ್ಲಿಷಿನ ಭಾಷಣ ಹಾಗೇ ಉಳಿಯಿತು.

ಮೂರು ವಾರ ಅಲ್ಲಿದ್ದಾಗ ಈ ಸಂಗತಿಯನ್ನು ಸ್ವಲ್ಪ ವಿಚಾರಿಸಿ ತಿಳಿದುಕೊಂಡೆ. ಹಾಲು ಕೆಟ್ಟ ಮೇಲೆ ಹೆಪ್ಪು ಹುಡುಕಿದ ಹಾಗೆ. 1982ರಲ್ಲಿ ಸ್ವಿಸ್ಸರು ವೇಳಾಪಟ್ಟಿಯನ್ನೇ ಹೊಸದಾಗಿ ಬರೆದರಂತೆ: ಪ್ರತಿ ಗಂಟೆಯೂ ಅದೇ ನಿಮಿಷಕ್ಕೆ ಅದೇ ಗಾಡಿ. ಆಮೇಲೆ ದೊಡ್ಡ ಊರುಗಳ ನಡುವಿನ ದಾರಿಯನ್ನು ಒಂದು ಗಂಟೆಗೆ ಸ್ವಲ್ಪ ಕಡಿಮೆ ಮಾಡಿದರು. ಎಲ್ಲ ಕಡೆಯ ಗಾಡಿಗಳೂ ಗಂಟೆ ಹೊಡೆಯುವ ಸ್ವಲ್ಪ ಮುಂಚೆ ಬಂದು ಸೇರಿ, ಜನ ಇಳಿದು ಹತ್ತಿದ ಮೇಲೆ, ಗಂಟೆ ಹೊಡೆದ ಸ್ವಲ್ಪ ಹೊತ್ತಿಗೆ ಚದುರುತ್ತವೆ. ಇದಕ್ಕಾಗಿ ಬೆರ್ನ್ ಮತ್ತು ಜೂರಿಕ್ ನಡುವೆ ಹೊಸ ಹಳಿಯನ್ನೇ ಹಾಕಿ 2004ರ ಡಿಸೆಂಬರಿನಲ್ಲಿ ತೆರೆದರು. ಗಾಡಿಯನ್ನು ಆದಷ್ಟೂ ಜೋರಾಗಿ ಓಡಿಸುವುದಲ್ಲ, ಕೂಡುವ ಹೊತ್ತಿಗೆ ಎಷ್ಟು ಬೇಕೋ ಅಷ್ಟು ಜೋರಾಗಿ ಓಡಿಸುವುದು. ಮದುವೆಮನೆಯಲ್ಲಿ ಒಂದೇ ಪಂಕ್ತಿಗೆ ಎಲ್ಲರನ್ನೂ ಕೂರಿಸಿ ಒಟ್ಟಿಗೆ ಎಬ್ಬಿಸುವ ಹಾಗೆ. ಪಂಕ್ತಿ ತಪ್ಪಿದರೆ ಹೆದರಬೇಕಾಗಿಲ್ಲ. ಅರ್ಧ ಗಂಟೆಗೆ ಇನ್ನೊಂದು ಪಂಕ್ತಿ ಕೂರುತ್ತದೆ. ಅಲ್ಲಿ ಎಂಟು ನಿಮಿಷ ಧಾರಾಳವೆಂದು ತಂಗಿಯ ಗಂಡ ಹೇಳಿದ್ದು ಈ ಅರ್ಥದಲ್ಲಿ.

ತೊಂದರೆಯಿರುವುದು ಗಡಿಯಾಚೆಯಿಂದ ಊಟಕ್ಕೆ ಬರುವ ನೆಂಟರದು. ಜರ್ಮನಿಯಲ್ಲಿ ಆರು ನಿಮಿಷದೊಳಗೆ ಬಂದ ಗಾಡಿ ಹೊತ್ತಿಗೆ ಬಂತೆಂದೇ ಲೆಕ್ಕ. ಸ್ವಿಟ್ಜರ್ಲೆಂಡಿನಲ್ಲಿ ಮೂರು ನಿಮಿಷದೊಳಗೆ. ಹೀಗೆ ಅಳೆಯುವ ಕೋಲು ಬೇರೆಯಾಗಿದ್ದರೂ, 2024ರಲ್ಲಿ ಜರ್ಮನಿಯ ದೂರದ ಗಾಡಿಗಳಲ್ಲಿ ಹೊತ್ತಿಗೆ ಬಂದವು ಶೇಕಡಾ 62.5, ಸ್ವಿಸ್ ರೈಲ್ವೆಯಲ್ಲಿ ಹೊತ್ತಿಗೆ ತಲುಪಿದ ಪ್ರಯಾಣಿಕರು ಶೇಕಡಾ 93.2. ಬಹಳ ತಡವಾಗಿ ಬಂದ ಜರ್ಮನಿಯ ಗಾಡಿಯನ್ನು ಬಾಸೆಲ್‌ನಲ್ಲೇ ನಿಲ್ಲಿಸಿ, ಮುಂದಿನ ದಾರಿಗೆ ತಮ್ಮದೇ ಗಾಡಿ ಬಿಡುವ ರೂಢಿಯನ್ನೂ ಸ್ವಿಸ್ಸರು ಮಾಡಿಕೊಂಡಿದ್ದಾರೆ. ನಿಷ್ಠುರವೆನಿಸುತ್ತದೆ. ಒಂದು ಎಲೆ ತಡವಾಯಿತೆಂದು ಇಡೀ ಪಂಕ್ತಿಯನ್ನು ಕಾಯಿಸುವುದಿಲ್ಲವೆಂಬುದು ಅವರ ನ್ಯಾಯ.

ಇನ್ನೊಂದು ಮಾತು, ಮುಂದೆ ಹೋಗುವವರ ಉಪಯೋಗಕ್ಕೆ. ಗಡಿ ದಾಟುವಾಗ ಟಿಕೆಟ್ಟು ಹೊರಟ ಊರಿನಿಂದ ಮುಟ್ಟುವ ಊರಿನವರೆಗೆ ಒಂದೇ ಇರಬೇಕು. ಅಗ್ಗವೆಂದು ಈಚೆಯದೊಂದು ಆಚೆಯದೊಂದು ಕೊಂಡರೆ, ಮೊದಲ ಗಾಡಿ ತಡವಾಗಿ ಎರಡನೆಯದು ತಪ್ಪಿದಾಗ ಹೇಳಕೇಳುವವರಿಲ್ಲ. ಒಂದೇ ಟಿಕೆಟ್ಟಾದರೆ ಊರು ಮುಟ್ಟಿಸುವ ಹೊಣೆ ರೈಲ್ವೆಯದು. ನಾವು ಹೋದ ಅದೇ ಜೂನ್ ತಿಂಗಳ 7ರಿಂದ ಒಕ್ಕೂಟದಲ್ಲಿ ಜಾರಿಗೆ ಬಂದ ಹೊಸ ನಿಯಮದ ಪ್ರಕಾರ, ಪ್ರಕೃತಿವಿಕೋಪದಂಥ ಕಾರಣಗಳನ್ನು ಬಿಟ್ಟರೆ, ಒಂದು ಗಂಟೆ ತಡವಾದಾಗ ದರದ ಕಾಲು ಭಾಗವನ್ನೂ ಎರಡು ಗಂಟೆಯಾದರೆ ಅರ್ಧವನ್ನೂ ಹಿಂದಕ್ಕೆ ಕೇಳಬಹುದು. ತಪ್ಪು ಸ್ಟೇಷನ್ನಿನಲ್ಲಿ ತಾನಾಗಿ ಇಳಿದವನಿಗೆ ಯಾವ ನಿಯಮವೂ ಏನನ್ನೂ ಹೇಳಿಲ್ಲ. ಹೇಳಬಾರದು ಕೂಡ.

ಬೆರ್ನ್‌ನ ಆಸ್ಪತ್ರೆ ಸೇರಿದಾಗ ಹೇಳಿದ ಹೊತ್ತಿಗಿಂತ ಸರಿಯಾಗಿ ಅರ್ಧ ಗಂಟೆ ತಡವಾಗಿತ್ತು. ನಾನು ಓಡುತ್ತಲೇ ಒಳಕ್ಕೆ ಹೋದೆ. ತಂಗಿ ದಿಂಬಿಗೆ ಒರಗಿಕೊಂಡು ಹಣ್ಣಿನ ರಸ ಕುಡಿಯುತ್ತಿದ್ದಳು. ನೋವು ಬಂದು ಬಂದು ಹೋಗುತ್ತಿದೆ, ಇನ್ನೂ ಬಹಳ ಹೊತ್ತಿದೆಯೆಂದು ದಾದಿ ಹೇಳಿದ್ದಾಳೆಂದಳು. ನಮ್ಮ ಕಥೆ ಕೇಳಿ, "ಅಣ್ಣ, ಬಾಸೆಲ್ ಬ್ಯಾಡ ಅಂತ ಫಲಕದ ಮೇಲೆ ಬರೆದೇ ಇತ್ತಲ್ಲೋ, ಆದರೂ ಇಳಿದೆಯಾ?" ಎಂದು ನಗಲು ಹೋಗಿ ನೋವು ಬಂದು ಅಮ್ಮನ ಕೈ ಹಿಡಿದುಕೊಂಡಳು. ಅವಳ ಗಂಡ ಫೋನಿನಲ್ಲಿ ಏನೋ ನೋಡಿ, ಗಾಳಿಮಳೆಯಿಂದ ಅಂದು ಬೆರ್ನ್ ಗಾಡಿಯೇ ಎರಡು ನಿಮಿಷ ತಡವಾಗಿ ಹೊರಟಿತ್ತೆಂದು ತಿಳಿಸಿದ. ಸುಮ್ಮನೆ ಕೂತಿದ್ದವರಿಗೆಲ್ಲ ಅದು ಸಿಕ್ಕಿರಬೇಕು. ಇದನ್ನು ಅವನು ನನಗೆ ಹೇಳದೆ ಇರಬಹುದಿತ್ತು.

ಸಂಜೆಯಾಯಿತು, ರಾತ್ರಿಯಾಯಿತು. ಗಂಡಹೆಂಡಿರನ್ನು ಹೆರಿಗೆಯ ಕೋಣೆಗೆ ಕರೆದುಕೊಂಡು ಹೋದರು. ಹೊರಗಿನ ಬೆಂಚಿನ ಮೇಲೆ ಅಮ್ಮ ತೂಕಡಿಸಿದಳು, ಎದ್ದಳು, ಮತ್ತೆ ತೂಕಡಿಸಿದಳು. ಬೆಳಗಿನ ಜಾವ ಬಾಗಿಲು ತೆರೆದು ತಂಗಿಯ ಗಂಡ ಬಂದ. ಮುಖ ನೋಡಿದರೇ ತಿಳಿಯುತ್ತಿತ್ತು. ಹೆಣ್ಣು ಮಗು, ತಾಯಿ ಮಗು ಕ್ಷೇಮ, ಹುಟ್ಟಿದ್ದು ನಾಲ್ಕು ಗಂಟೆ ಆರು ನಿಮಿಷಕ್ಕೆ.

ಅಮ್ಮ ಕಣ್ಣೊರೆಸಿಕೊಂಡು ಕೈಗಡಿಯಾರ ನೋಡಿದಳು. "ನಾಲ್ಕಲ್ಲ, ಏಳು ಮೂವತ್ತಾರು. ಜಾತಕಕ್ಕೆ ಬರೆದಿಡು, ಮರೀತೀಯೆ."

"ಅಮ್ಮ, ಜಾತಕಕ್ಕೆ ಮಗು ಹುಟ್ಟಿದ ಊರಿನ ಕಾಲ ಬೇಕು. ಊರಿನದಲ್ಲ."

"ಹಾಗಾದರೆ ನಾಲ್ಕು ಆರು ಅಂತಲೇ ಬರಿ."

"ಅದರಲ್ಲಿ ಇವರು ಬೇಸಿಗೆಗೆ ಅಂತ ಒಂದು ಗಂಟೆ ಮುಂದಿಟ್ಟಿರುವುದನ್ನು ಕಳೆಯಬೇಕು. ಮೂರು ಗಂಟೆ ಆರು ನಿಮಿಷ."

ಅಮ್ಮ ನನ್ನನ್ನು ನೋಡಿದಳು, ಗಡಿಯಾರವನ್ನು ನೋಡಿದಳು, ಆಮೇಲೆ ಮುಚ್ಚಿದ ಬಾಗಿಲನ್ನು ನೋಡಿದಳು. "ಮೂರನ್ನೂ ಬರೆದುಕೊ. ಪುರೋಹಿತರು ಯಾವುದಾದರೂ ಒಂದನ್ನ ಹಿಡೀತಾರೆ" ಎಂದು ಹೇಳಿ, ಪಂಚೆಗಳ ಪೆಟ್ಟಿಗೆಯನ್ನು ತೆಗೆಯಲು ಎದ್ದಳು.